ಡಬ್ಲಿನ್‌ನ ಬುಲ್ ಐಲ್ಯಾಂಡ್‌ಗೆ ಮಕ್ಕಳನ್ನು, ಹಿರಿಯರನ್ನು ಕರೆದುಕೊಂಡು ಹೋಗುವುದು ಹೇಗೆ? ನಿನ್ನೆ ಬೈಸಿಕೊಂಡು ಬಂದೆವು

ತುಮಕೂರಿನ ಅಮ್ಮ

ಎಲ್ಲರಿಗೂ ನಮಸ್ಕಾರ. ನಾವು ಡಬ್ಲಿನ್‌ಗೆ ಬಂದು ಏಳು ತಿಂಗಳಾಯಿತು. ಊರಿಂದ ಅತ್ತೆ ಬಂದಿದ್ದಾರೆ. ನವೆಂಬರ್‌ನಲ್ಲಿ ಬಿಸಿಲು ಬರುವುದೇ ಅಪರೂಪ, ನಿನ್ನೆ ಭಾನುವಾರ ಚೆನ್ನಾಗಿ ಬಂತು. ಚಿತ್ರಾನ್ನ ಕಟ್ಟಿಕೊಂಡು ಊರಿನ ಪಕ್ಕದ ಕಡಲಲ್ಲಿರುವ ದ್ವೀಪ, ಬುಲ್ ಐಲ್ಯಾಂಡ್‌ಗೆ ಹೋದೆವು.

ಊರಿನಿಂದ ದ್ವೀಪದ ಮಧ್ಯಕ್ಕೆ ಹೋಗುವ ರಸ್ತೆ ಇದೆಯಲ್ಲ, ಆ ಮಧ್ಯದ ರಸ್ತೆಯಲ್ಲಿ ಒಳಗೆ ಹೋಗಿ ಕಾರು ನಿಲ್ಲಿಸಿದೆವು. ಪಕ್ಕದ ಜೌಗಿನಲ್ಲಿ ಕಪ್ಪು ತಲೆ, ಕಪ್ಪು ಕುತ್ತಿಗೆಯ ಬಾತುಗಳು. ನೂರಾರು ಇದ್ದವು. ನನ್ನ ಮಕ್ಕಳಿಗೆ ಎಂಟು ಮತ್ತು ಐದು ವರ್ಷ. ಇಬ್ಬರೂ ಕೂಗಿಕೊಂಡು ಓಡಿದರು. ಬಾತುಗಳೆಲ್ಲ ಒಟ್ಟಿಗೆ ಎದ್ದವು. ನೋಡೋಕೆ ಎಷ್ಟು ಚೆಂದ! ಮಕ್ಕಳು ಚಪ್ಪಾಳೆ ತಟ್ಟಿದರು, ನಾನು ವಿಡಿಯೋ ಮಾಡಿದೆ. ಅವು ಆಚೆ ಹೋಗಿ ಕೂತವು. ಮಕ್ಕಳು ಮತ್ತೆ ಓಡಿದರು.

ಆಗ ದುರ್ಬೀನು ಹಾಕಿಕೊಂಡಿದ್ದ ವಯಸ್ಸಾದ ಐರಿಷ್ ಹೆಂಗಸೊಬ್ಬರು ಬಂದು ಗಟ್ಟಿಯಾಗಿಯೇ ಹೇಳಿದರು. ಇವು ಕೆನಡಾದಿಂದ ಹಾರಿ ಬಂದ ಹಕ್ಕಿಗಳು, ತಿನ್ನಲು ಬಿಡಿ ಅಂದರು. ಅದೇ ಹೊತ್ತಿಗೆ ಅತ್ತೆ ಚೀಲದಿಂದ ಒಂದು ಹಿಡಿ ಅಕ್ಕಿ ತೆಗೆದು ಹಾಕಲು ಹೊರಟಿದ್ದರು. ಅದೂ ಬೇಡ ಅಂದರು. ಅತ್ತೆ ದಾರಿಯುದ್ದಕ್ಕೂ ಮಾತೇ ಆಡಲಿಲ್ಲ. ಮನೆಗೆ ಬಂದು, "ಹಕ್ಕಿಗೆ ಕಾಳು ಹಾಕಬೇಡ ಅಂತಾರಲ್ಲ, ಇದೆಂಥಾ ಊರಮ್ಮ" ಅಂದರು.

ನಾವು ಅಷ್ಟೊಂದು ತಪ್ಪು ಮಾಡಿದೆವಾ? ಇನ್ನೊಮ್ಮೆ ಹೋಗಬೇಕು ಅಂತ ಆಸೆ ಇದೆ. ಹೇಗೆ ಹೋಗಬೇಕು, ಯಾವ ಹೊತ್ತಿಗೆ ಹೋಗಬೇಕು, ಗೊತ್ತಿರುವವರು ಹೇಳಿ.

ಕುಮಟೆಯ ಕಡಲು

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ. ನಾನು ಇಲ್ಲಿಗೆ ಬಂದು ಹನ್ನೊಂದು ವರ್ಷ. ಮೊದಲ ವರ್ಷ ನಾನೂ ಅಲ್ಲಿ ಫುಟ್‌ಬಾಲ್ ಒದ್ದವನೇ.

ಆದರೆ ಆ ಹೆಂಗಸು ಹೇಳಿದ್ದು ಸರಿ. ನೀವು ನೋಡಿದ್ದು ಬ್ರೆಂಟ್ ಬಾತುಗಳು. ಕೆನಡಾದ ಉತ್ತರ ತುದಿಯ ಹಿಮದ ದ್ವೀಪಗಳಲ್ಲಿ ಮರಿ ಮಾಡುತ್ತವೆ. ಅಲ್ಲಿಂದ ಗ್ರೀನ್‌ಲೆಂಡಿನ ಹಿಮದ ಗುಡ್ಡೆ ದಾಟಿ, ಐಸ್‌ಲೆಂಡಿನಲ್ಲಿ ಸ್ವಲ್ಪ ದಿನ ತಂಗಿ, ಅಕ್ಟೋಬರ್ ಹೊತ್ತಿಗೆ ಐರ್ಲೆಂಡಿಗೆ ಬರುತ್ತವೆ. ಏಪ್ರಿಲ್‌ನಲ್ಲಿ ವಾಪಸ್. ಆ ಭಾಗದ ಬ್ರೆಂಟ್ ಬಾತುಗಳಲ್ಲಿ ಹೆಚ್ಚಿನವು ಚಳಿಗಾಲ ಕಳೆಯುವುದು ಈ ದೇಶದಲ್ಲೇ.

ಈಗ ಲೆಕ್ಕ ಹಾಕಿ. ಡಿಸೆಂಬರ್‌ನಲ್ಲಿ ಇಲ್ಲಿ ಹಗಲು ಏಳೂವರೆ ತಾಸು. ಅದರಲ್ಲೂ ಕೆಸರು ಬಯಲಾಗುವುದು ನೀರು ಇಳಿದಾಗ ಮಾತ್ರ. ಬಾತು ಮೇಯಲಿ, ಬೇರೆ ಹಕ್ಕಿ ಹುಳ ಹೆಕ್ಕಲಿ, ಹೊಟ್ಟೆ ತುಂಬಿಸಿಕೊಳ್ಳಲು ಸಿಗುವುದು ಕೆಲವೇ ತಾಸು. ನಮ್ಮ ಅಘನಾಶಿನಿಯಲ್ಲಿ ಇಳಿತದ ಹೊತ್ತಿಗೆ ಹೆಂಗಸರು ಬಳಚು ಹೆಕ್ಕಲು ಹೊಳೆಗೆ ಇಳಿಯುತ್ತಾರೆ. ನೀರು ಏರುವ ತನಕ ಮಾತ್ರ ಕೆಲಸ. ಆ ಹೊತ್ತಿನಲ್ಲಿ ಯಾರಾದರೂ ಬಂದು ಅವರನ್ನು ಹತ್ತು ಸಲ ದಡಕ್ಕೆ ಓಡಿಸಿದರೆ ಆ ದಿನದ ದುಡಿಮೆ ಹೋದ ಹಾಗೇ ಅಲ್ವಾ? ಬಾತುಗಳದ್ದೂ ಅದೇ ಪಾಡು. ಎದ್ದು ಹಾರಿದರೆ ತಿಂದದ್ದು ಕರಗುತ್ತದೆ, ತಿನ್ನುವ ಹೊತ್ತೂ ಹೋಗುತ್ತದೆ. ಒಂದು ಮಗು ಒಂದು ಸಲ ಓಡಿಸಿದರೆ ಏನೂ ಆಗಲ್ಲ. ಆದರೆ ಭಾನುವಾರ ಅಲ್ಲಿಗೆ ಬರುವ ಮಕ್ಕಳೆಷ್ಟು, ನಾಯಿಗಳೆಷ್ಟು?

ಹೊತ್ತಿನ ಬಗ್ಗೆ ಸಂಜೆ ಬರೆಯುತ್ತೇನೆ, ಈಗ ಕೆಲಸಕ್ಕೆ ಹೊರಟೆ.

ಲಕ್ಷ್ಮೇಶ್ವರದವ

ಕಾರ್ಕ್‌ನಿಂದ ಓದ್ತಾ ಇದ್ದೇನೆ. ಅಕ್ಕಾರ, ನಿಮ್ಮ ಅತ್ತೆಯವರಿಗೆ ಒಂದು ಮಾತು ಹೇಳ್ರಿ. ನಮ್ಮೂರಿನ ಹತ್ತಿರ ಮಾಗಡಿ ಕೆರೆ ಇದೆ, ಶಿರಹಟ್ಟಿ ತಾಲ್ಲೂಕು, ಗದಗ ಜಿಲ್ಲೆ. ಅಲ್ಲಿಗೂ ಚಳಿಗಾಲಕ್ಕೆ ಬಾತುಗಳು ಬರುತ್ತವೆ. ತಲೆ ಮೇಲೆ ಎರಡು ಕಪ್ಪು ಪಟ್ಟಿ ಇರುವ ಬಾತು. ಮಂಗೋಲಿಯಾ, ಟಿಬೆಟ್ ಕಡೆಯಿಂದ ಹಿಮಾಲಯ ದಾಟಿ ಬರುತ್ತವೆ. ಹಗಲು ಕೆರೆಯಲ್ಲಿ ಇರುತ್ತವೆ, ಮೇಯಲು ಸುತ್ತಲಿನ ಹೊಲಕ್ಕೆ ಹೋಗುತ್ತವೆ. ನಮ್ಮ ಅಜ್ಜ ಹೊಲದಲ್ಲಿ ಬಾತು ಇಳಿದರೆ ದೂರ ನಿಂತು ನೋಡುತ್ತಿದ್ದರು. ನಮ್ಮನ್ನೂ ಹತ್ತಿರ ಬಿಡುತ್ತಿರಲಿಲ್ಲ. "ದಣದು ಬಂದಾವ, ಉಣ್ಣಲಿ ಬಿಡ್ರಿ" ಅನ್ನುತ್ತಿದ್ದರು. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಕುಮಟಾ ಅಣ್ಣ ಹೇಳಿದ ಅಘನಾಶಿನಿಯೂ ಅವತ್ತೇ ಸೇರಿತು. ಬುಲ್ ಐಲ್ಯಾಂಡ್ 1988ರಿಂದಲೇ ಆ ಪಟ್ಟಿಯಲ್ಲಿದೆ. ಮೂರೂ ಒಂದೇ ಪಂಕ್ತಿಯಲ್ಲಿ ಕೂತಂತಾಯಿತು. ಇದನ್ನು ಹೇಳಿದರೆ ಅತ್ತೆಯವರ ಸಿಟ್ಟು ಇಳಿಯುತ್ತದೆ ನೋಡ್ರಿ.

ಬೆಂಗ್ರೆ ಮರಳು

ನಾನು ಮಂಗಳೂರಿನವನು, ಸಿವಿಲ್ ಎಂಜಿನಿಯರ್. ಈ ದ್ವೀಪ ಅಂದರೆ ನನಗೆ ಪ್ರಾಣ. ಇದು ಹುಟ್ಟಿದ ಕಥೆ ಯಾರೂ ಹೇಳಲಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಇನ್ನೂರೈವತ್ತು ವರ್ಷದ ಹಿಂದೆ ಹೋಗಿದ್ದರೆ ನೀವು ಅಲ್ಲಿ ದ್ವೀಪವನ್ನೇ ನೋಡುತ್ತಿರಲಿಲ್ಲ. ಇಳಿತದಲ್ಲಿ ಕಾಣಿಸುವ ಮರಳ ದಿಬ್ಬ, ಅಷ್ಟೇ. ಡಬ್ಲಿನ್ ಬಂದರಿನ ಬಾಯಿಯಲ್ಲಿ ಮರಳು ತುಂಬಿ ಹಡಗುಗಳು ಒಳಗೆ ಬರಲಾಗದೆ ಹೊರಗೇ ಕಾಯಬೇಕಿತ್ತು. ಗಾಳಿ ಎದ್ದರೆ ಮುಳುಗುತ್ತಿದ್ದವು. ದಕ್ಷಿಣದ ಕಡೆ ಉದ್ದನೆಯ ಗೋಡೆ ಆಗಲೇ ಇತ್ತು, ಆದರೂ ಮರಳು ಹೋಗಲಿಲ್ಲ. 1800-01ರಲ್ಲಿ ಕ್ಯಾಪ್ಟನ್ ವಿಲಿಯಂ ಬ್ಲೈ ಕೊಲ್ಲಿಯನ್ನು ಅಳೆದು ನಕ್ಷೆ ಮಾಡಿದರು. ಬೌಂಟಿ ಹಡಗಿನಲ್ಲಿ ನಾವಿಕರ ದಂಗೆ ಆಯಿತಲ್ಲ, ಅದೇ ಬ್ಲೈ. ಆಮೇಲೆ ಉತ್ತರದ ಗೋಡೆ ಕಟ್ಟಿದರು. ಅದು ಮುಗಿದದ್ದು 1825ರಲ್ಲಿ. ವಿನ್ಯಾಸ ಬ್ಲೈ ಹೇಳಿದ್ದಲ್ಲ, ಬೇರೆಯವರದ್ದು.

ಅದರ ಜಾಣತನ ನೋಡಿ. ಗೋಡೆಯ ಹೊರತುದಿಯನ್ನು ಬೇಕೆಂದೇ ತಗ್ಗಾಗಿ ಬಿಟ್ಟಿದ್ದಾರೆ. ನೀರು ತುಂಬಿದಾಗ ಅದು ಮುಳುಗುತ್ತದೆ. ಇಳಿಯುವಾಗ ಮೊದಲರ್ಧ ನೀರು ಗೋಡೆಯ ಮೇಲಿಂದಲೂ ಹರಿದು ಹೋಗುತ್ತದೆ. ಅರ್ಧ ಇಳಿದ ಮೇಲೆ ಗೋಡೆ ಮೇಲೆದ್ದು ಕಾಣುತ್ತದೆ. ಆಗ ಉಳಿದ ನೀರೆಲ್ಲ ಎರಡು ಗೋಡೆಗಳ ನಡುವಿನ ಬಾಯಿಯಿಂದಲೇ ನುಗ್ಗಿ ಹೋಗಬೇಕು. ಆ ರಭಸಕ್ಕೆ ತಳದ ಮರಳು ಕೊಚ್ಚಿಕೊಂಡು ಹೋಗುತ್ತದೆ. ಹೀಗೆ ಕಡಲೇ ದಿನಕ್ಕೆ ಎರಡು ಸಲ ಬಂದರಿನ ಬಾಯಿ ಗುಡಿಸಿತು. ಗುಡಿಸಿದ ಮರಳು ಗೋಡೆಯ ಉತ್ತರಕ್ಕೆ ಬಂದು ಕೂತಿತು. ಹುಲ್ಲು ಹಿಡಿಯಿತು, ದಿಬ್ಬ ಎದ್ದಿತು. ಈಗ ದ್ವೀಪ ಸುಮಾರು 5 ಕಿಲೋಮೀಟರ್ ಉದ್ದ ಇದೆ.

ನಮ್ಮಲ್ಲೂ ನೇತ್ರಾವತಿ-ಗುರುಪುರ ಹೊಳೆಗಳ ಅಳಿವೆಗೆ ಎರಡು ಕಡೆ ಕಲ್ಲಿನ ಗೋಡೆ ಹಾಕಿದರು. ಬೆಂಗ್ರೆ ಕಡೆ ಮರಳು ಸೇರಿತು, ಉಳ್ಳಾಲದ ಕಡೆ ಕಡಲ್ಕೊರೆತ. ಉಳ್ಳಾಲದಲ್ಲಿ ಮನೆ ಕಳೆದುಕೊಂಡವರನ್ನು ನೋಡಿ ಬೆಳೆದವನು ನಾನು. ಗೋಡೆ ಹಾಕಿದರೆ ಕಡಲು ಒಂದು ಕಡೆ ಕೊಡುತ್ತದೆ, ಇನ್ನೊಂದು ಕಡೆ ಕಿತ್ತುಕೊಳ್ಳುತ್ತದೆ. ಬುಲ್ ಐಲ್ಯಾಂಡ್‌ನಲ್ಲಿ ಕೊಟ್ಟದ್ದನ್ನು ಹಕ್ಕಿಗಳು ತಗೊಂಡವು. 1931ರಲ್ಲೇ ಅದು ಪಕ್ಷಿಧಾಮ ಆಯಿತು. 1981ರಲ್ಲಿ ಯುನೆಸ್ಕೋ ಜೀವಗೋಳದ ಮಾನ್ಯತೆ ಸಿಕ್ಕಿತು. 2015ರಲ್ಲಿ ಆ ಮಾನ್ಯತೆಯನ್ನು ಇಡೀ ಡಬ್ಲಿನ್ ಕೊಲ್ಲಿಗೆ ವಿಸ್ತರಿಸಿದರು.

ಕ್ಲಾಂಟಾರ್ಫ್ ಗೆಳತಿ

ಎಲ್ಲರೂ ತುಮಕೂರಿನವರಿಗೆ ಪಾಠ ಹೇಳ್ತಾ ಇದ್ದೀರಿ. ನಾನು ಇನ್ನೊಂದು ಕಡೆಯ ಮಾತು ಹೇಳುತ್ತೇನೆ. ನನ್ನ ಹತ್ತಿರ ನಾಯಿ ಇದೆ, ಮನೆಯಿಂದ ದ್ವೀಪಕ್ಕೆ ಹೋಗುವ ಮರದ ಸೇತುವೆಗೆ ಐದು ನಿಮಿಷ. ದಿನಾ ಹೋಗುತ್ತೇನೆ. ಒಂಟಿಯಾಗಿ ಈ ದೇಶಕ್ಕೆ ಬಂದ ಮೊದಲ ಚಳಿಗಾಲದಲ್ಲಿ ಆ ಮರಳ ದಂಡೆ ಇಲ್ಲದಿದ್ದರೆ ನಾನು ಊರಿಗೆ ವಾಪಸ್ ಹೋಗುತ್ತಿದ್ದೆ. ರಾಜಧಾನಿಯ ಪಕ್ಕದಲ್ಲೇ ಇರುವ ಕಡಲು ಜನರಿಗೂ ಬೇಕು. ದ್ವೀಪದಲ್ಲಿ ಎರಡು ಗಾಲ್ಫ್ ಕ್ಲಬ್ ಇವೆ, ಮರಳ ಮೇಲೆ ಕಾರು ನಿಲ್ಲಿಸುತ್ತಾರೆ. ಅದೆಲ್ಲ ಇರಬಹುದು, ಮಕ್ಕಳು ಓಡಬಾರದು, ನಾಯಿ ಓಡಬಾರದು ಅಂದರೆ ಹೇಗೆ?

ಕುಮಟೆಯ ಕಡಲು

ನಿಮ್ಮ ಮಾತು ಒಪ್ಪುತ್ತೇನೆ ತಂಗಿ. ಕಡಲು ನಮಗೂ ಬೇಕು. ನನಗೂ ಆ ಗಾಳಿ ಕುಡಿಯದಿದ್ದರೆ ವಾರ ಕಳೆಯಲ್ಲ.

ಆದರೆ ದ್ವೀಪಕ್ಕೆ ಎರಡು ಮುಖ ಇದೆ. ಕಡಲಿನ ಕಡೆ ಡಾಲಿಮೌಂಟ್ ಮರಳು ದಂಡೆ. ಉದ್ದ, ಅಗಲ, ಓಡಲು ಬೇಕಾದಷ್ಟು ಜಾಗ. ಊರಿನ ಕಡೆ ಜೌಗು, ಕೆಸರು. ಹಕ್ಕಿಗಳ ಊಟದ ಮನೆ ಅದು. ಮಕ್ಕಳನ್ನು ಓಡಿಸಬೇಕಾದರೆ ಮರಳಿನ ಕಡೆ, ಹಕ್ಕಿ ಇಲ್ಲದ ಜಾಗದಲ್ಲಿ ಓಡಿಸಿ. ಊರಿನ ಕಡೆ ರಸ್ತೆಯ ಮೇಲೆ ನಿಂತು ನೋಡಿ, ಕೆಳಗೆ ಇಳಿಯಬೇಡಿ. ಕೆಸರು ಮೊಣಕಾಲ ತನಕ ಹಿಡಿದುಕೊಳ್ಳುತ್ತದೆ, ಅಪಾಯವೂ ಹೌದು.

ಇನ್ನು ನಾಯಿ. ದಿಬ್ಬದ ಹುಲ್ಲಿನಲ್ಲಿ ಐರಿಷ್ ಮೊಲಗಳಿದ್ದವು. ಮೊದಲೆಲ್ಲ ಸುಮ್ನೆ ನಡೆದು ಹೋದರೂ ಕಾಣಿಸುತ್ತಿದ್ದವು ಅಂತ ಇಲ್ಲಿನ ಹಳೆಯ ಜನ ಹೇಳುತ್ತಾರೆ. ಹನ್ನೊಂದು ವರ್ಷದಲ್ಲಿ ನಾನು ನೋಡಿದ್ದು ಒಂದೇ ಸಲ. ಬೇಸಿಗೆಯಲ್ಲಿ ಸ್ಕೈಲಾರ್ಕ್ ಹಕ್ಕಿ ಅದೇ ಹುಲ್ಲಿನ ಬುಡದಲ್ಲಿ, ನೆಲದ ಮೇಲೇ ಗೂಡು ಮಾಡುತ್ತದೆ. ನಿಮ್ಮ ನಾಯಿ ಎಷ್ಟೇ ಸಾಧು ಇರಲಿ, ಮೊಲಕ್ಕೂ ಹಕ್ಕಿಗೂ ಅದು ಗೊತ್ತಿಲ್ಲ. ಹಗ್ಗ ಹಾಕಿಕೊಂಡು ಹೋಗಿ, ಅಷ್ಟೇ.

ಈಗ ಹೊತ್ತಿನ ವಿಷಯ. ಉಬ್ಬರ-ಇಳಿತಕ್ಕೆ ನಮ್ಮ ಕಡೆ ಭರತ, ಇಳಿತ ಅಂತೀವಿ. ಹಕ್ಕಿ ನೋಡಬೇಕಾದರೆ ಡಬ್ಲಿನ್‌ನ ಭರತದ ಹೊತ್ತು ಫೋನಿನಲ್ಲಿ ನೋಡಿಕೊಳ್ಳಿ. ಅದಕ್ಕೆ ಎರಡು ತಾಸು ಮುಂಚೆ ಮಧ್ಯದ ರಸ್ತೆಯಲ್ಲಿ ನಿಂತಿರಿ. ನೀರು ಏರಿದ ಹಾಗೆ ಕೆಸರಿನಲ್ಲಿ ದೂರ ಚದುರಿದ್ದ ಹಕ್ಕಿಗಳೆಲ್ಲ ಹತ್ತಿರ ಹತ್ತಿರ ಬರುತ್ತವೆ. ನೀವು ಹೋಗಬೇಕಾಗಿಲ್ಲ, ಕಡಲೇ ಅವನ್ನು ನಿಮ್ಮ ಮುಂದೆ ತಂದು ನಿಲ್ಲಿಸುತ್ತದೆ. ಡಬ್ಲಿನ್‌ನಲ್ಲಿ ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ದೊಡ್ಡ ಭರತ ಬರುವುದು ಹೆಚ್ಚುಕಮ್ಮಿ ಮಧ್ಯಾಹ್ನ. ಆದ್ದರಿಂದ ಪಂಚಾಂಗ ನೋಡಿಯೂ ಹೋಗಬಹುದು. ಅತ್ತೆಯವರಿಗೆ ಈ ಲೆಕ್ಕ ಇಷ್ಟವಾಗುತ್ತದೆ.

ಕೆಸರುಗಾಲು

ಮೇಲಿನವರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ನನ್ನ ಮಗಳಿಗೆ ಆರು ವರ್ಷ. ಅವಳಿಗೆ ಸುಮ್ಮನೆ ಕೂರು ಅಂದರೆ ಆಗಲ್ಲ, ಕೆಲಸ ಕೊಡಬೇಕು. ಬಾತುಗಳಲ್ಲಿ ಮರಿ ಯಾವುದು ಎಣಿಸು ಅಂತ ಹೇಳುತ್ತೇನೆ. ದೊಡ್ಡವುಗಳ ಕುತ್ತಿಗೆಯಲ್ಲಿ ಸಣ್ಣ ಬಿಳಿ ಗೆರೆ ಇರುತ್ತದೆ. ಆ ವರ್ಷ ಹುಟ್ಟಿದ ಮರಿಗಳ ರೆಕ್ಕೆಯ ಮೇಲೆ ಬಿಳಿ ಬಿಳಿ ಅಂಚುಗಳು, ಸೀಮೆಸುಣ್ಣದಲ್ಲಿ ಎಳೆದ ಹಾಗೆ. ಮೊದಲ ಚಳಿಗಾಲ ಪೂರ್ತಿ ಮರಿಗಳು ಅಪ್ಪ ಅಮ್ಮನ ಪಕ್ಕದಲ್ಲೇ ಇರುತ್ತವೆ. ಒಂದು ಸಂಸಾರದಲ್ಲಿ ಎರಡು ಮರಿ, ಮೂರು ಮರಿ ಅಂತ ಎಣಿಸಬಹುದು. ಕೆಲವು ವರ್ಷ ಉತ್ತರದಲ್ಲಿ ಹಿಮ ತಡವಾಗಿ ಕರಗಿದರೆ ಮರಿಗಳೇ ಇರಲ್ಲ. ಹಿಂಡಿಗೆ ಹಿಂಡೇ ದೊಡ್ಡವು. ಅಂಥ ವರ್ಷ ನನ್ನ ಮಗಳು ಒಂದು ತಾಸು ಹುಡುಕಿ, "ಪಾಪುಗಳೆಲ್ಲಿ?" ಅಂತ ಕೇಳಿದ್ದಳು. ನನಗೆ ಗಂಟಲು ಕಟ್ಟಿತು.

ಮರಳಿನ ಕಡೆ ಹೋದಾಗ ಇಳಿತದಲ್ಲಿ ನೆಲ ನೋಡಿ. ಒದ್ದೆ ಮರಳಿನ ಮೇಲೆ ಶಾವಿಗೆ ಒತ್ತಿಟ್ಟ ಹಾಗೆ ಸಣ್ಣ ಸಣ್ಣ ಸುರುಳಿಗಳು ಇರುತ್ತವೆ. ಅದರ ಕೆಳಗೆ ಹುಳ ಇದೆ. ಮರಳು ನುಂಗಿ, ಅದರಲ್ಲಿ ಸಿಕ್ಕಿದ್ದು ತಿಂದು, ಉಳಿದ ಮರಳನ್ನು ಹಾಗೆ ಒತ್ತಿ ಹೊರಗೆ ಹಾಕುತ್ತದೆ. ಕರ್ಲ್ಯೂ ಅಂತ ಒಂದು ದೊಡ್ಡ ಹಕ್ಕಿ ಇದೆ, ಕೊಕ್ಕು ಕುಡುಗೋಲಿನ ಹಾಗೆ ಬಾಗಿರುತ್ತದೆ. ಅದು ಆ ಕೊಕ್ಕನ್ನು ಬುಡದ ತನಕ ಒಳಗೆ ತೂರಿಸಿ, ತಲೆ ಓರೆ ಮಾಡಿ, ನಿಧಾನಕ್ಕೆ ಹುಳ ಎಳೆಯುತ್ತದೆ. ಜೋರಾಗಿ ಎಳೆದರೆ ತುಂಡಾಗುತ್ತದಲ್ಲ, ಅದಕ್ಕೆ. ನಾವು ಉಸಿರು ಬಿಗಿಹಿಡಿದು ನೋಡಿದ್ದೇವೆ. ಐರ್ಲೆಂಡಿನಲ್ಲೇ ಗೂಡು ಕಟ್ಟುವ ಕರ್ಲ್ಯೂ ಈಗ ನೂರು ಜೋಡಿಯ ಆಸುಪಾಸು ಮಾತ್ರ ಉಳಿದಿವೆ. ಚಳಿಗಾಲದಲ್ಲಿ ಹೊರಗಿನಿಂದ ಬರುವುದರಿಂದ ಕೆಸರಿನಲ್ಲಿ ಇನ್ನೂ ಕಾಣುತ್ತವೆ.

ಹಾಸ್ಟೆಲ್ ಊಟ

ಅಣ್ಣ, ಅಕ್ಕ, ನಾನು ಮಾಸ್ಟರ್ಸ್ ಮಾಡ್ತಾ ಇದ್ದೇನೆ. ಕಾರಿಲ್ಲ. ಬಸ್ಸಿನಲ್ಲಿ ಹೋಗಬಹುದಾ? ಟಿಕೆಟ್ ಇದೆಯಾ ಒಳಗೆ?

ಬೆಂಗ್ರೆ ಮರಳು

ಒಳಗೆ ಹೋಗಲು ದುಡ್ಡಿಲ್ಲ. ಸಿಟಿಯಿಂದ 130 ನಂಬರ್ ಬಸ್ಸು ಕ್ಲಾಂಟಾರ್ಫ್‌ಗೆ ಬರುತ್ತದೆ. ಇಳಿದು ಮರದ ಸೇತುವೆ ದಾಟಿದರೆ ಗೋಡೆಯ ರಸ್ತೆ. ಗೋಡೆ ಕಟ್ಟಲು ಕಲ್ಲು ಸಾಗಿಸಬೇಕಿತ್ತಲ್ಲ, ಮೊದಲು ಮಾಡಿದ್ದು ಆ ಸೇತುವೆ. ಹಾಗೇ ಗೋಡೆಯ ಎತ್ತರದ ಭಾಗ ಮುಗಿಯುವ ತನಕ ನಡೆಯಿರಿ. ಎದುರಿಗೆ ಪೂಲ್‌ಬೆಗ್‌ನ ಹಳೆಯ ವಿದ್ಯುತ್ ಸ್ಥಾವರದ ಕೆಂಪು-ಬಿಳಿ ಪಟ್ಟೆಯ ಎರಡು ಚಿಮಣಿ, 200 ಮೀಟರ್‌ಗೂ ಜಾಸ್ತಿ ಎತ್ತರ. ದಾರಿಯಲ್ಲಿ ಈಜುವವರು ಬಟ್ಟೆ ಬದಲಿಸಲು 1930ರ ದಶಕದಲ್ಲಿ ಕಟ್ಟಿದ ಕಾಂಕ್ರೀಟ್ ಗೂಡುಗಳಿವೆ. ಜನವರಿಯಲ್ಲೂ ಅಜ್ಜಿಯರು ಅಲ್ಲಿ ನೀರಿಗೆ ಇಳಿಯುತ್ತಾರೆ! ತುದಿಯಲ್ಲಿ ಮೂರು ಕಾಲಿನ ಕಂಬದ ಮೇಲೆ ಸ್ಟಾರ್ ಆಫ್ ದಿ ಸೀ, ಕಡಲ ತಾಯಿ ಮೇರಿಯ ಪ್ರತಿಮೆ. ಬಂದರಿನ ಕೆಲಸಗಾರರು ದುಡ್ಡು ಕೂಡಿಸಿ ಮಾಡಿಸಿದ್ದು.

ಹಕ್ಕಿಗಾಗಿ ಹೋಗುವುದಾದರೆ ಡಾರ್ಟ್ ರೈಲಿನಲ್ಲಿ ರಹೇನಿ ಸ್ಟೇಷನ್ನಿಗೆ ಬನ್ನಿ. ಅಲ್ಲಿಂದ ಅರ್ಧ ತಾಸಿನೊಳಗೆ ನಡೆದು ಮಧ್ಯದ ರಸ್ತೆಗೆ ಬರಬಹುದು. ಛತ್ರಿ ತರಬೇಡ ತಮ್ಮಾ, ಗಾಳಿಗೆ ಮುರಿದು ಹೋಗುತ್ತದೆ. ಟೋಪಿ ಇರುವ ಜಾಕೆಟ್ ಹಾಕಿಕೋ.

ಆ ಮಧ್ಯದ ರಸ್ತೆಯ ಬಗ್ಗೆ ನನಗೊಂದು ನೋವಿದೆ. 1960ರ ದಶಕದಲ್ಲಿ ಮಣ್ಣು-ಕಲ್ಲು ತುಂಬಿ ಕಟ್ಟಿದ್ದು. ಅಡಿಯಲ್ಲಿ ನೀರು ಹೋಗಲು ದಾರಿ ಬಿಡಲಿಲ್ಲ. ಅಲ್ಲಿಂದ ಎರಡೂ ಬದಿ ಹೂಳು ತುಂಬುತ್ತಾ ಬಂದಿದೆ. ಕಾರುಗಳನ್ನು ಅಲ್ಲಿ ನಿಲ್ಲಿಸಲೇಬಾರದು ಅಂತ ನನ್ನ ಅಭಿಪ್ರಾಯ.

ತುಮಕೂರಿನ ಅಮ್ಮ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಾತುಗಳ ದಾರಿಯನ್ನು ಮನೆಯ ಗೋಡೆಗೆ ಹಾಕಿರುವ ಮ್ಯಾಪಿನಲ್ಲಿ ಮಕ್ಕಳಿಗೆ ತೋರಿಸಿದೆ. ದೊಡ್ಡವನು ಏನೂ ಮಾತಾಡದೆ ಬೆರಳಲ್ಲಿ ಗ್ರೀನ್‌ಲೆಂಡಿನ ಮೇಲೆ ಎರಡು ಸಲ ಎಳೆದ. ಆಮೇಲೆ, "ನಾವು ಎರಡು ಸಲ ಓಡಿಸಿದೆವು ಅಲ್ವಾಮ್ಮ" ಅಂದ.

ಬೆಂಗ್ರೆ ಸರ್, ಕಾರು ಬೇಡ ಅನ್ನುವ ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಅತ್ತೆಗೆ ಮಂಡಿನೋವು. ಆ ರಸ್ತೆ ಇಲ್ಲದಿದ್ದರೆ ಅವರು ಹಕ್ಕಿ ನೋಡುವುದೇ ಇಲ್ಲ.

ಒಂದು ಪ್ರಶ್ನೆ ಉಳಿಯಿತು. ಅಕ್ಕಿ ಹಾಕಿದರೆ ಏನಾಗುತ್ತದೆ? ಅತ್ತೆ ಊರಲ್ಲಿ ದಿನಾ ಬೆಳಿಗ್ಗೆ ಮಹಡಿ ಮೇಲೆ ಕಾಳು ಹಾಕಿಯೇ ಕಾಫಿ ಕುಡಿಯುವವರು. ಅವರಿಗೆ ಬೇಡ ಅಂತ ಹೇಳಲು ನನಗೆ ಬಾಯಿ ಬರುತ್ತಿಲ್ಲ.

ಕೆಸರುಗಾಲು

ಅತ್ತೆಯವರಿಗೆ ಬೇಡ ಅಂತ ಹೇಳಬೇಡಿ, ಜಾಗ ಬದಲಿಸಿ. ದ್ವೀಪದಲ್ಲಿ ಹಕ್ಕಿಗಳಿಗೆ ಬೇಕಾದ ಊಟ ಕೆಸರಿನಲ್ಲೇ ಇದೆ. ಬಾತುಗಳು ಮೊದಲು ಕಡಲ ಹುಲ್ಲು ತಿನ್ನುತ್ತವೆ. ಅದು ಮುಗಿದ ಮೇಲೆ ಹಸಿರು ಪಾಚಿ. ಆಮೇಲೆ ಊರೊಳಗಿನ ಪಾರ್ಕು, ಆಟದ ಮೈದಾನದ ಹುಲ್ಲು. ನಾವು ಕಾಳು ಚೆಲ್ಲಿದರೆ ಕಡಲಕಾಗೆ, ಇಲಿ ಬಂದು ಸೇರುತ್ತವೆ. ಅವು ಬೇಸಿಗೆಯಲ್ಲಿ ನೆಲದ ಮೇಲಿನ ಮೊಟ್ಟೆಗಳಿಗೆ ಬಾಯಿ ಹಾಕುತ್ತವೆ. ಮನೆಯ ಹಿತ್ತಲಿನಲ್ಲಿ ಕಾಳಿನ ಗೂಡು ನೇತುಹಾಕಿ. ಉಪ್ಪಿಲ್ಲದ ಕಡಲೆಬೀಜ, ಸೂರ್ಯಕಾಂತಿ ಬೀಜ ಅಂಗಡಿಯಲ್ಲಿ ಸಿಗುತ್ತದೆ. ವಾರದೊಳಗೆ ಕೆಂಪು ಎದೆಯ ರಾಬಿನ್ ಬರದಿದ್ದರೆ ಕೇಳಿ.

ಕ್ಲಾಂಟಾರ್ಫ್ ಗೆಳತಿ

ಕುಮಟಾ ಅಣ್ಣ, ನೀವು ಬರೆದದ್ದನ್ನು ಓದಿ ಮೂರು ದಿನ ಯೋಚಿಸಿದೆ. ಇವತ್ತು ಬೆಳಿಗ್ಗೆ ಉದ್ದನೆಯ ಹಗ್ಗ ಹಾಕಿಕೊಂಡು ಹೋದೆ. ಹೊಸ ಕಣ್ಣಲ್ಲಿ ನೋಡಿದ ಹಾಗಾಯಿತು. ನಾಯಿ ಪಕ್ಕದಲ್ಲೇ ಇತ್ತು, ಆದ್ದರಿಂದ ಕೆಂಪು ಕೊಕ್ಕಿನ ಆಯ್ಸ್ಟರ್‌ಕ್ಯಾಚರ್ ಹಕ್ಕಿಗಳು ನೀರಿನ ಅಂಚಲ್ಲಿ ಹಾಗೇ ಉಳಿದವು. ಇಷ್ಟು ವರ್ಷ ನಾನು ಹೋಗುವಷ್ಟರಲ್ಲಿ ಅವು ಯಾವಾಗಲೂ ದೂರದಲ್ಲೇ ಇರುತ್ತಿದ್ದವು. ಯಾಕೆ ಅಂತ ಈಗ ಗೊತ್ತಾಯಿತು. ಗಾಲ್ಫ್ ವಿಷಯದಲ್ಲಿ ಮಾತ್ರ ನನ್ನ ಮಾತು ಬದಲಾಗಿಲ್ಲ.

ತುಮಕೂರಿನ ಅಮ್ಮ

ಸಂಕ್ರಾಂತಿ ವಾರ ಮತ್ತೆ ಹೋಗಿ ಬಂದೆವು. ಹೇಳಲೇಬೇಕು ಅಂತ ಬರೆಯುತ್ತಿದ್ದೇನೆ.

ರಾಬಿನ್ ಒಂಬತ್ತನೇ ದಿನ ಬಂತು. ಈಗ ಎರಡು ಬರುತ್ತವೆ, ಜಗಳವಾಡುತ್ತವೆ. ಅತ್ತೆ ಕಿಟಕಿ ಬಿಟ್ಟು ಏಳಲ್ಲ.

ಈ ಸಲ ಅತ್ತೆಯೇ ಭರತದ ಹೊತ್ತು ಕೇಳಿ ಹೊರಡಿಸಿದರು. ಮಧ್ಯದ ರಸ್ತೆಯಲ್ಲಿ ಕಾರಿನೊಳಗೇ ಕೂತೆವು, ಕಿಟಕಿ ಇಳಿಸಿಕೊಂಡು. ಬಾತು ತುಂಬಾ ಕಮ್ಮಿ ಇದ್ದವು, ನನಗೆ ಬೇಜಾರಾಯಿತು. ಆದರೆ ನೀರು ಏರಿದ ಹಾಗೆ ಸಣ್ಣ ಹಕ್ಕಿಗಳು ಸಾವಿರಗಟ್ಟಲೆ ಹತ್ತಿರ ಬಂದವು. ಕಾರಿಗೆ ಇಪ್ಪತ್ತು ಅಡಿ ದೂರದಲ್ಲಿ ಕರ್ಲ್ಯೂ ನಿಂತಿತ್ತು. ಚಿಕ್ಕವಳು ನನ್ನ ತೊಡೆಯ ಮೇಲೆ ಕೂತು ಪಿಸುಮಾತಲ್ಲಿ ಎಣಿಸುತ್ತಿದ್ದಳು. ನೂರು ದಾಟಿದ ಮೇಲೆ ಅವಳಿಗೆ ಸಂಖ್ಯೆ ಬರಲ್ಲ, ಮತ್ತೆ ಒಂದರಿಂದ ಶುರು.

ಆಮೇಲೆ ಎದುರಿನ ಸೇಂಟ್ ಆನ್ಸ್ ಪಾರ್ಕಿಗೆ ಟೀ ಕುಡಿಯಲು ಹೋದರೆ ಬಾತುಗಳೆಲ್ಲ ಅಲ್ಲಿದ್ದವು! ಫುಟ್‌ಬಾಲ್ ಮೈದಾನದ ತುಂಬಾ. ಕೆಸರುಗಾಲು ಅವರು ಹೇಳಿದ ಹಾಗೇ, ಕಡಲ ಹುಲ್ಲು ಮುಗಿದು ಊರೊಳಗೆ ಬಂದಿದ್ದವು. ನಾವು ಬೇಲಿಯ ಈಚೆ ನಿಂತೆವು. ಹತ್ತಿರದಿಂದ ಅವು ಹುಲ್ಲು ಕೀಳುವ ಸದ್ದೂ ಕೇಳಿಸುತ್ತದೆ, ಸಣ್ಣಗೆ ಚರ್ ಚರ್ ಅಂತ. ದೊಡ್ಡವನು ಮರಿಗಳ ರೆಕ್ಕೆಯ ಸೀಮೆಸುಣ್ಣದ ಗೆರೆ ಕಂಡುಹಿಡಿದ. ಹದಿನಾಲ್ಕು ಮರಿ ಅಂತ ಲೆಕ್ಕ ಕೊಟ್ಟ.

ನಾಲ್ಕೂವರೆಗೆ ಕತ್ತಲಾಗುತ್ತಾ ಬಂತು. ಒಂದು ಬಾತು ಕೂಗಿತು. ಇನ್ನೊಂದು ಕೂಗಿತು. ಯಾರೂ ಓಡಿಸಲಿಲ್ಲ, ತಾವಾಗಿಯೇ ಎದ್ದವು. ನಮ್ಮ ತಲೆಯ ಮೇಲೆ ಸಾಲು ಸಾಲಾಗಿ, ಮನೆಗಳ ಹೆಂಚು ದಾಟಿ, ದ್ವೀಪದ ಕಡೆ ಹೋದವು. ಅತ್ತೆ ಮಂಕಿ ಟೋಪಿ ಸರಿಸಿ ಕಿವಿ ಹೊರಗೆ ಬಿಟ್ಟುಕೊಂಡು ನಿಂತಿದ್ದರು. "ಮಲಗೋಕೆ ಹೊರಟವೇನೇ?" ಅಂತ ಕೇಳಿದರು. ಹೌದತ್ತೆ ಅಂದೆ. ಚಿಕ್ಕವಳು ಕೂಗಿ ಟಾಟಾ ಮಾಡಲು ಹೋದಳು. ಅತ್ತೆ ಅವಳ ಬಾಯಿ ಮೇಲೆ ಮೆಲ್ಲಗೆ ಕೈ ಇಟ್ಟರು.